ಕಲ್ಯಾಣದ ಕುದುರೆ ಹಾದಿ

ಮಾರ್ಗಶಿರದ ಮುಂಜಾವು. ಬಸವಕಲ್ಯಾಣದಿಂದ ಬಂದ ಆಟೊ ನಾರಾಯಣಪುರದ ಮೊದಲ ಮನೆಗಳ ಎದುರು ನಿಂತಿದೆ. ಇಳಿಯುವಾಗಲೇ ಕಿವಿ ಮುಚ್ಚುವಂತೆ ಟವೆಲ್ ಸುತ್ತಿಕೊಳ್ಳಿ. ಬೀದರ್ ಸೀಮೆಯ ಈ ಎತ್ತರದ ಬಯಲಲ್ಲಿ ಚಳಿಗಾಲದ ಗಾಳಿಗೆ ತಡೆಯೇ ಇಲ್ಲ. ರಸ್ತೆಯ ಬದಿಗೆ ತೊಗರಿ ಕಾಯಿಗಟ್ಟಿ ನಿಂತಿದೆ. ಅದರಾಚೆ ಕಡಲೆ ಹೊಲ. ಎಲೆಯ ಮೇಲಿನ ಇಬ್ಬನಿಗೆ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿ ನೋಡಿ, ಹಲ್ಲು ಜುಮ್ಮೆನ್ನುವಷ್ಟು ಹುಳಿ. ಈ ಕಡಲೆಯನ್ನು ನೆನಪಿಟ್ಟುಕೊಳ್ಳಿ. ನಾವು ಹುಡುಕಿಕೊಂಡು ಬಂದ ಕಥೆಯಲ್ಲಿ ಇದಕ್ಕೂ ಪಾಲಿದೆ.

ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕುಂತ ರುಮಾಲಿನ ಅಜ್ಜ ನಿಮ್ಮನ್ನು ನೋಡಿದ ಕೂಡಲೇ ತಾನೇ ಕೇಳುತ್ತಾನೆ: “ಗುಡಿ ನೋಡ್ಲಾಕ ಬಂದೀರೇನ್ರಿ? ಹಿಂಗೇ ಸೀದಾ ಹೋಗ್ರಿ.”

ಸೀದಾ ಹೋದರೆ ಎದುರಿಗೆ ಕಪ್ಪು ಕಲ್ಲಿನ ಶಿವಾಲಯ. 12ನೆಯ ಶತಮಾನದ್ದು, ಕಲ್ಯಾಣದ ಚಾಲುಕ್ಯರ ಕಾಲದ್ದು. ಗೋಡೆ ಒಂದೇ ಸಮ ಹೋಗುವುದಿಲ್ಲ. ಒಮ್ಮೆ ಮುಂದಕ್ಕೆ ಬರುತ್ತದೆ, ಒಮ್ಮೆ ಒಳಕ್ಕೆ ಸರಿಯುತ್ತದೆ. ಬಿಸಿಲು ಅಡ್ಡಡ್ಡ ಬಿದ್ದಾಗ ಆ ಮಡಿಕೆಗಳಲ್ಲಿ ನೆರಳು ತುಂಬಿ, ಮದನಿಕೆಯರು ನೆರಳಿನಿಂದ ಎದ್ದು ಬರುತ್ತಾರೆ. ಕಲ್ಲನ್ನು ಮುಟ್ಟಬೇಡಿ, ಹತ್ತಿರ ನಿಂತು ನೋಡಿದರೆ ಸಾಕು: ಸೊಂಟದ ಬಳುಕು, ಕೈಬೆರಳ ತುದಿ, ಕೊರಳ ಹಾರದ ಎಳೆಗಳು. ಆರೂವರೆ ಕೋಟಿ ವರ್ಷಗಳ ಹಿಂದೆ ನೆಲದಡಿಯಿಂದ ಉಕ್ಕಿ ಹರಿದ ಲಾವಾ ತಣಿದು ಆದ ಕಲ್ಲು ಇದು. ಉಳಿಗೆ ಸುಲಭವಾಗಿ ಮಣಿಯುವಂಥದ್ದಲ್ಲ. ಈ ಕಲ್ಲೇ ಸವೆದು ಸುತ್ತಲಿನ ಎರೆಭೂಮಿಯಾಗಿದೆ. ತೊಗರಿ, ಕಡಲೆ, ಬಿಳಿಜೋಳ ಬೆಳೆಯುವುದು ಅದರಲ್ಲೇ.

ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಇಲ್ಲಿಂದ ದೂರವೇನಲ್ಲ. ಅಲ್ಲಿಯ ಗುಡಿಯ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಬೆನ್ನು ತಿರುಗಿಸಿ ನಿಂತು ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತಿದ್ದಾಳೆ. ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದವನು. ಅವಳು ಬರೆಯುತ್ತಿರುವ ಸಾಲುಗಳನ್ನು ಇಂದಿಗೂ ಓದಬಹುದು. ಆದರೆ ಆ ರಾಜ್ಯ ನಿಂತದ್ದು ಬರಹದ ಬಲದಿಂದಷ್ಟೇ ಅಲ್ಲ. ಅದು ನಡೆದದ್ದು ಕುದುರೆಯ ಕಾಲಿನ ಮೇಲೆ.

ಒಂದನೆಯ ಸೋಮೇಶ್ವರ, ಆಹವಮಲ್ಲನೆಂಬ ಬಿರುದಿನವನು, 1042ರಲ್ಲಿ ಪಟ್ಟವೇರಿ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದ. ಆ ಹೊತ್ತಿನಿಂದ ನಾರಾಯಣಪುರ ರಾಜಧಾನಿಯ ಮಗ್ಗುಲ ಊರಾಯಿತು. ನರ್ಮದೆಯ ಕಡೆಗೂ ತುಂಗಭದ್ರೆಯ ಆಚೆಗೂ ದಂಡು ಹೊರಡಬೇಕಿದ್ದ ಅರಸರಿಗೆ ಕುದುರೆ ಬೇಕು. ಕುದುರೆಗೆ ಮೇವು, ನೀರು, ಲಾಯ, ವೈದ್ಯ, ಜೀನಿಗೆ ಚರ್ಮ, ಕಡಿವಾಣಕ್ಕೆ ಕಬ್ಬಿಣ ಬೇಕು. ಒಂದು ಊರಿಗೆ ಊರೇ ಅದರ ಹಿಂದೆ ದುಡಿಯಬೇಕು.

ಈಗ ಗುಡಿಯ ಹಿಂದಿನ ಬಯಲಿಗೆ ಬನ್ನಿ. ಇಸವಿ 1130ರ ಆಸುಪಾಸು ಎಂದುಕೊಳ್ಳಿ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಸಿಂಹಾಸನದಲ್ಲಿದ್ದಾನೆ. ರಾಜಧಾನಿಯ ಹೊರಗೆ ಇಂಥದೇ ಒಂದು ಸಮತಟ್ಟು ನೆಲ. ಕಲ್ಲು, ಮುಳ್ಳು, ತಗ್ಗು ಒಂದೂ ಇಲ್ಲದಂತೆ ಅದನ್ನು ಹಸನು ಮಾಡಿದ್ದಾರೆ. ಆಚೆ ತುದಿಗೊಂದು, ಈಚೆ ತುದಿಗೊಂದು ಕಂಬ ನೆಟ್ಟ ತೋರಣ. ಜನ ಅಂಚಿನಲ್ಲಿ ಕಿಕ್ಕಿರಿದಿದ್ದಾರೆ. ಮೊದಲು ಕಿವಿಗೆ ಬೀಳುವುದು ಗೊರಸಿನ ಸದ್ದು. ಒಣ ನೆಲದ ಮೂಲಕ ಅದು ನಿಮ್ಮ ಪಾದಕ್ಕೇ ತಾಗುತ್ತದೆ. ಆಮೇಲೆ ಧೂಳು. ಧೂಳಿನೊಳಗಿಂದ ಸವಾರರು ಮೂಡುತ್ತಾರೆ, ಕೈಯಲ್ಲಿ ಚರ್ಮ ಸುತ್ತಿದ ಬೆತ್ತದ ಕೋಲು. ಹಗುರ ಮರದಲ್ಲಿ ಕಡೆದು ಚರ್ಮ ಹೊಲಿದ ಚೆಂಡು ನೆಲದಲ್ಲಿ ಉರುಳುತ್ತದೆ. ಒಬ್ಬ ಸವಾರ ಜೀನಿನಿಂದ ಬಗ್ಗಿ ಅದನ್ನು ಹೊಡೆಯುತ್ತಾನೆ, ಎದುರಾಳಿ ಅಡ್ಡ ಬಂದು ಕಸಿಯುತ್ತಾನೆ. ಓಟದ ನಡುವೆಯೇ ಕುದುರೆ ನಿಲ್ಲುತ್ತದೆ, ನಿಂತ ಕಾಲಲ್ಲೇ ತಿರುಗುತ್ತದೆ, ಮತ್ತೆ ಚಿಮ್ಮುತ್ತದೆ. ಅರಸನೂ ಆಟದಲ್ಲಿದ್ದಾನೆ. ಚೆಂಡು ತೋರಣ ದಾಟಿದಾಗ ಬಯಲೆಲ್ಲ ಕೂಗು.

ಇದನ್ನು ಆ ಅರಸನೇ ಬರೆಸಿಟ್ಟಿದ್ದಾನೆ. ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಐದು ವಿಂಶತಿಗಳ, ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥ. ಈ ಕುದುರೆ ಚೆಂಡಾಟ ಅದರಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಬರುತ್ತದೆ. ಅಲ್ಲಿ ಬರುವ ವಾಹ್ಯಾಳಿ ಎಂದರೆ ಕುದುರೆ ಪಳಗಿಸುವ, ಆಡಿಸುವ ಬಯಲು. ಕಾಂಬೋಜ, ಬಾಹ್ಲಿಕ, ಯವನ, ಸಿಂಧು ದೇಶಗಳ ಕುದುರೆಗಳ ಹೆಸರು, ಮೈಬಣ್ಣ, ಮೈಮೇಲಿನ ಸುಳಿಗಳ ಗುಣದೋಷ, ನಡಿಗೆ, ಪಳಗಿಸುವ ರೀತಿ ಎಲ್ಲವೂ ಗ್ರಂಥದಲ್ಲಿದೆ. ನಮ್ಮಲ್ಲಿ ಈ ಪುಸ್ತಕದ ಮಾತು ಬಂದರೆ ಇಡ್ಲಿ ದೋಸೆಯ ಹಳೆಯ ಉಲ್ಲೇಖಕ್ಕೇ ನಿಂತುಬಿಡುತ್ತದೆ. ತಿಂಡಿಯ ಹೆಮ್ಮೆ ಇರಲಿ, ತಪ್ಪಿಲ್ಲ. ಆದರೆ ಯುರೋಪಿನಲ್ಲಿ ಸವಾರಿ ವಿದ್ಯೆಗೆ ದಾರಿ ಹಾಕಿದ್ದೆಂದು ಕೊಂಡಾಡುವ ಇಟಲಿಯ ಫೆಡೆರಿಕೊ ಗ್ರಿಸೋನೆಯ ಪುಸ್ತಕ ನೇಪಲ್ಸ್‌ನಲ್ಲಿ ಅಚ್ಚಾದದ್ದು 1550ರಲ್ಲಿ. ಅದಕ್ಕೂ ನಾಲ್ಕು ನೂರು ವರ್ಷ ಮೊದಲೇ ಕಲ್ಯಾಣದಲ್ಲಿ ಕೂತು ಒಬ್ಬ ಅರಸ ಕುದುರೆಯ ನಡೆ, ನೋಟ, ಸ್ವಭಾವವನ್ನು ವಿಂಗಡಿಸಿ ಬರೆಸಿದ. ಇದನ್ನು ಬಸವಕಲ್ಯಾಣದ ಶಾಲೆಯ ಮಕ್ಕಳಿಗೆ ಹೇಳದೆ ಇರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಪ್ರಾಣಿಗಳ ಮೇಲಿನ ಈ ಕಾಳಜಿ ಅರಮನೆಯ ಆಟಕ್ಕೆ ಸೀಮಿತವಾಗಿರಲಿಲ್ಲ. ಅದೇ ಮನೆತನದ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದ, ದನಕರುಗಳ ರೋಗ ಮತ್ತು ಮದ್ದಿನ ಪುಸ್ತಕ. ಮುಂದೆ ಸುಮಾರು 1400ರ ಹೊತ್ತಿಗೆ ಅಭಿನವಚಂದ್ರ ಕುದುರೆಗಳ ವಿಷಯವನ್ನೇ ಹಿಡಿದು ಕನ್ನಡದಲ್ಲಿ ಶಾಸ್ತ್ರಗ್ರಂಥ ರಚಿಸಿದ. ಕುದುರೆ ಸಾಕುವವನ ಕೈಗೆ ಅವನದೇ ಭಾಷೆಯ ಪುಸ್ತಕ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ಬಿಸಿಲು ಏರಿದೆ. ಬಸವಕಲ್ಯಾಣಕ್ಕೆ ಹಿಂತಿರುಗಿ, ಕೋಟೆಯ ಬಾಗಿಲ ಹತ್ತಿರ ಒಂದು ಕಪ್ ಚಹಾ ಕುಡಿದು ತ್ರಿಪುರಾಂತಕ ಕೆರೆಯ ಏರಿಗೆ ನಡೆಯೋಣ. ನೀರಿನಂಚಿನಲ್ಲಿ ಬೆಳ್ಳಕ್ಕಿಗಳು ಒಂಟಿಗಾಲಲ್ಲಿ ನಿಂತಿವೆ. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದೆ. ಮಿಂಚುಳ್ಳಿಯೊಂದು ನೀಲಿ ಗೆರೆ ಎಳೆದಂತೆ ಹಾದುಹೋಗುತ್ತದೆ. ದಡದ ಬೇವು, ಹುಣಸೆಗಳ ನೆರಳು ತಂಪಾಗಿದೆ.

ಈ ಕೆರೆಯ ಹೆಸರು ಹೇಳಿದರೆ ಶರಣರು ನೆನಪಾಗುತ್ತಾರೆ. ಹಾಗೇ ಆಗಬೇಕು. ಕಲಚುರಿ ಅರಸ ಬಿಜ್ಜಳ ಇಲ್ಲಿ ಆಳಿದ್ದು 1157ರಿಂದ 1167. ಆ ಕೆಲವೇ ವರ್ಷಗಳಲ್ಲಿ ಬಸವಣ್ಣ, ಅಲ್ಲಮ, ಅಕ್ಕ ಈ ಊರಿನಲ್ಲಿ ನಡೆದಾಡಿದರು. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. 1956ರಲ್ಲಿ ಕಲ್ಯಾಣಿ ಹೋಗಿ ಬಸವಕಲ್ಯಾಣ ಎಂಬ ಹೆಸರು ಬಂದದ್ದು ಈ ಮಣ್ಣಿನ ಋಣ ತೀರಿಸಿದ ಹಾಗೆ. ಆದರೆ ಶರಣರ ಕಲ್ಯಾಣವನ್ನು ಕಣ್ಣಿಗೆ ತಂದುಕೊಳ್ಳಬೇಕಾದರೂ ಈ ಕುದುರೆಗಳ ಊರು ಗೊತ್ತಿರಬೇಕು. ಚರ್ಮದ ಕೆಲಸದವರು, ಕಮ್ಮಾರರು, ಗಾಣಿಗರು, ಹುಲ್ಲು ಹೊರುವವರು, ಸೌದೆ ಮಾರುವವರು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದು ಊರಿನಲ್ಲಿ ಸೇರಿದ್ದು ಸುಮ್ಮನೆ ಅಲ್ಲ. ಅರಮನೆ ಮತ್ತು ದಂಡು ಅವರಿಗೆ ಕೆಲಸ ಕೊಟ್ಟಿದ್ದವು. ಕಾಯಕಕ್ಕೆ ಗೌರವ ಬೇಕೆಂಬ ಮಾತು ಹುಟ್ಟಿದ್ದು ಇಂಥ ದುಡಿಯುವ ಊರಿನ ಬೀದಿಗಳಲ್ಲಿ.

ಕುದುರೆಗಳು ಎಲ್ಲಿಂದ ಬರುತ್ತಿದ್ದವು? ಐಹೊಳೆಯ ಐನೂರ್ವರು, ಅಂದರೆ ಆ ಕಾಲದ ದೊಡ್ಡ ವರ್ತಕರ ಸಂಘ, ತಮ್ಮ ಶಾಸನ ಪ್ರಶಸ್ತಿಯಲ್ಲಿ ಮಾರುವ ಸರಕಿನ ಪಟ್ಟಿ ಹೇಳುವಾಗ ಆನೆ ಮತ್ತು ಒಳ್ಳೆಯ ತಳಿಯ ಕುದುರೆಯನ್ನು ರತ್ನಗಳ ಜೊತೆ ಸೇರಿಸುತ್ತಾರೆ. ಅರಬ್ಬಿ ಮತ್ತು ಪಾರಸಿ ಕುದುರೆಗಳು ಹಡಗಿನಲ್ಲಿ ಕೊಂಕಣದ ಬಂದರುಗಳಿಗೆ ಬಂದು, ಸಹ್ಯಾದ್ರಿಯ ಘಟ್ಟ ಹತ್ತಿ ಈ ಬಯಲು ಸೇರುತ್ತಿದ್ದವು. ಸಮುದ್ರದ ಉಬ್ಬರ, ಕರಾವಳಿಯ ಮಳೆ, ಘಟ್ಟದ ಕಲ್ಲುದಾರಿ ದಾಟಿ ಬದುಕಿದ ಕುದುರೆಗೆ ದಖನ್ನಿನ ಒಣ ಗಾಳಿ, ಒಣ ಹುಲ್ಲು ಒಗ್ಗುತ್ತಿತ್ತು.

ಇದೇ ದಾರಿಯಲ್ಲಿ ಮುನ್ನೂರು ವರ್ಷಗಳ ನಂತರ ಬಂದ ಒಬ್ಬನನ್ನು ನೋಡೋಣ. ಚಾಲುಕ್ಯರು ಇಲ್ಲ, ಕಲಚುರಿಗಳು ಇಲ್ಲ. ಬೀದರದಲ್ಲಿ ಬಹಮನಿ ಸುಲ್ತಾನರು. ಸುಮಾರು 1470. ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಹೊರ್ಮುಜಿನಿಂದ ಹಡಗು ಹತ್ತಿ ಚೌಲ್ ಬಂದರಿನಲ್ಲಿ ಇಳಿದಿದ್ದಾನೆ. ಅವನ ಆಸ್ತಿಯೆಲ್ಲ ಒಂದು ಗಂಡು ಕುದುರೆ. ಅದು ತನಗೆ ನೂರು ರೂಬಲ್‌ಗೆ ಬಿದ್ದಿತು ಎಂದು ಬರೆದುಕೊಂಡಿದ್ದಾನೆ. ಜುನ್ನರಿನಲ್ಲಿ ಅಲ್ಲಿಯ ಅಧಿಕಾರಿ ಅಸದ್ ಖಾನ್ ಕುದುರೆ ಕಿತ್ತುಕೊಂಡು, ಮತಾಂತರವಾದರೆ ಕುದುರೆಯ ಜೊತೆ ಸಾವಿರ ಹೊನ್ನೂ ಕೊಡುತ್ತೇನೆ ಎಂದು ನಾಲ್ಕು ದಿನದ ಗಡುವು ಕೊಡುತ್ತಾನೆ. ಖುರಾಸಾನಿನವನೊಬ್ಬ ನಡುವೆ ಬಂದು ಬಿಡಿಸುತ್ತಾನೆ. ಮಳೆಗಾಲದ ಕೆಸರಿನಲ್ಲಿ ನಿಕಿತಿನ್ ಆ ಕುದುರೆಯೊಂದಿಗೆ ಬೀದರದ ಕಡೆ ಹೆಜ್ಜೆ ಹಾಕುತ್ತಾನೆ. ಊರು, ಭಾಷೆ, ದೇವರು ಎಲ್ಲ ಬೇರೆ. ಜೊತೆಗಿರುವುದು ಉಸಿರಾಡುವ ಆ ಒಂದು ಜೀವ. ಕೊನೆಗೆ ಬೀದರದಲ್ಲಿ ಅದನ್ನು ಮಾರುತ್ತಾನೆ.

ಅವನು ಬರೆದಿಟ್ಟ ಒಂದು ವಿವರಕ್ಕಾಗಿಯೇ ಬೆಳಗ್ಗೆ ಕಡಲೆ ಹೊಲದ ಹತ್ತಿರ ನಿಲ್ಲಿಸಿದ್ದು. ಈ ದೇಶದವರು ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಮತ್ತು ಜಿಡ್ಡು ಹಾಕಿ ಖಿಚಡಿ ಬೇಯಿಸಿ ಕೊಡುತ್ತಾರೆ ಎನ್ನುತ್ತಾನೆ ನಿಕಿತಿನ್. ಎರೆಭೂಮಿಯ ಬೆಳೆ ನೇರ ಕುದುರೆಯ ಬಾಯಿಗೆ! ರೈತನ ಹೊಲಕ್ಕೂ ಸುಲ್ತಾನನ ದಂಡಿಗೂ ನಡುವೆ ಇದ್ದ ನಂಟು ಈ ಒಂದು ಸಾಲಿನಲ್ಲಿ ಸಿಗುತ್ತದೆ.

ಇನ್ನೊಂದು ವಿವರ ಇನ್ನೂ ದೊಡ್ಡದು. ಶೇಖ್ ಅಲಾವುದ್ದೀನರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ಸಂತೆ ಕೂಡುತ್ತದೆ, ದೇಶದ ಜನವೆಲ್ಲ ಅಲ್ಲಿ ವ್ಯಾಪಾರಕ್ಕೆ ಸೇರುತ್ತಾರೆ, ಇಪ್ಪತ್ತು ಸಾವಿರದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತವೆ ಎಂದು ಬರೆಯುತ್ತಾನೆ. ಆ ಸಂತೆಯ ಊರು ನಮ್ಮ ಆಳಂದ. ಈಗ ಕಲಬುರಗಿ ಜಿಲ್ಲೆಯಲ್ಲಿದೆ, ಬಸವಕಲ್ಯಾಣದ ನೈಋತ್ಯಕ್ಕೆ ಪಕ್ಕದ ಸೀಮೆಯೇ. ಆ ಶೇಖರನ್ನೇ ಜನ ಇಂದು ಲಾಡ್ಲೆ ಮಶಾಕ್ ಎಂದು ನಡೆದುಕೊಳ್ಳುತ್ತಾರೆ. ದರ್ಗಾದ ಸುತ್ತಿನ ಬಯಲಲ್ಲಿ ಆ ಹತ್ತು ದಿನ ಹೇಗಿದ್ದೀತು! ಗೂಟಕ್ಕೆ ಕಟ್ಟಿದ ಕುದುರೆಗಳ ಸಾಲು, ಬಾಯಿ ಬಿಡಿಸಿ ಹಲ್ಲು ಎಣಿಸುವ ದಲಾಲಿಗಳು, ಹಣೆಯ ಸುಳಿ ಹುಡುಕುವ ಕೈಗಳು, ವಸ್ತ್ರದಡಿಯಲ್ಲಿ ಬೆರಳು ಹಿಡಿದು ಕುದುರಿಸುವ ದರ, ಕನ್ನಡ, ಮರಾಠಿ, ತೆಲುಗು, ಫಾರಸಿ ಎಲ್ಲ ಒಂದೇ ಗದ್ದಲದಲ್ಲಿ. ಆ ದಿನಗಳಲ್ಲಿ ಬೀದರದ ರಾಜ್ಯಭಾರ ನಡೆಸುತ್ತಿದ್ದ ಮಹಮೂದ್ ಗವಾನನ ಬಿರುದು ಮಲಿಕ್-ಉತ್-ತುಜ್ಜಾರ್, ವರ್ತಕರ ಒಡೆಯ. ಗಿಲಾನಿನಿಂದ ವ್ಯಾಪಾರಕ್ಕೆಂದು ಬಂದು ಮಂತ್ರಿಯಾದವನು ಅವನು.

ಈ ದೇಶದಲ್ಲಿ ಕುದುರೆ ಹುಟ್ಟುವುದಿಲ್ಲ ಎಂದೂ ನಿಕಿತಿನ್ ಬರೆದ. ಅವನ ಕಣ್ಣು ಇದ್ದದ್ದು ಹಡಗಿನಲ್ಲಿ ಬಂದ ಎತ್ತರದ ಯುದ್ಧದ ಕುದುರೆಗಳ ಮೇಲೆ. ನೆಲ ಮಾತ್ರ ತನ್ನ ಕೆಲಸವನ್ನು ನಿಧಾನವಾಗಿ ಮಾಡುತ್ತಲೇ ಇತ್ತು. ಹೊರಗಿನಿಂದ ಬಂದ ಅರಬ್ಬಿ, ತುರ್ಕಿ ಕುದುರೆಗಳು ಊರಿನ ಗಿಡ್ಡ ತಟ್ಟುಗಳ ಜೊತೆ ಕೂಡಿ, ಭೀಮಾ ನದಿಯ ದಂಡೆಯ ಉದ್ದಕ್ಕೂ ಹೊಸದೊಂದು ತಳಿ ಮೂಡಿತು. ಅದೇ ದಖನಿ ಕುದುರೆ, ಭೀಮಥಡಿ. ಎತ್ತರದಲ್ಲಿ ಕಡಿಮೆ, ತ್ರಾಣದಲ್ಲಿ ಹೆಚ್ಚು. ಒಣ ಹುಲ್ಲಿನಲ್ಲಿ ಬದುಕುತ್ತದೆ, ಕಲ್ಲುನೆಲದಲ್ಲಿ ಎಡವುವುದಿಲ್ಲ. 1657ರಲ್ಲಿ ಔರಂಗಜೇಬ ಬೀದರ್ ಹಿಡಿದು ಕಲ್ಯಾಣಿಯ ಕೋಟೆಯನ್ನೂ ಗೆದ್ದ. ಅವನ ಭಾರಿ ದಂಡು ಮುಂದಿನ ದಶಕಗಳಲ್ಲಿ ದಖನ್ನಿನಲ್ಲಿ ದಣಿದದ್ದು ಇಂಥ ಸಣ್ಣ ಕುದುರೆಗಳನ್ನೇರಿದ ಮರಾಠಾ ಸವಾರರ ಹಿಂದೆ ಓಡಿ ಓಡಿ.

ಸಂಜೆಯಾಗುತ್ತಿದೆ. ಊರು ಬಿಟ್ಟು ಸಸ್ತಾಪುರ ಬಂಗ್ಲಾದ ಕಡೆಗೆ, ಪುಣೆ-ಹೈದರಾಬಾದ್ ಹೆದ್ದಾರಿಯತ್ತ ಹೊರಡಿ. ಲಾರಿಗಳ ಸದ್ದಿನ ನಡುವೆ ಕುರಿಗಳ ಕೊರಳಗಂಟೆ ಕೇಳಿಸುತ್ತದೆ. ಕಟಾವಾದ ಹೊಲವೊಂದರಲ್ಲಿ ಕುರಿಗಾರರ ಹಟ್ಟಿ ಇಳಿದಿದೆ. ಗಡಿಯಾಚೆಯಿಂದ ಬಂದವರು, ಕನ್ನಡ ಮರಾಠಿ ಎರಡೂ ಬೆರೆಸಿ ಆಡುವವರು. ಕುರಿ ಒಂದು ರಾತ್ರಿ ಹೊಲದಲ್ಲಿ ತಂಗಿದರೆ ಗೊಬ್ಬರ, ಅದಕ್ಕೆ ರೈತ ಜೋಳ ಅಳೆದು ಕೊಡುತ್ತಾನೆ. ಬದುವಿನ ಹತ್ತಿರ ಕಂದು ಬಣ್ಣದ ಕುದುರೆಯೊಂದು ನಿಂತಿದೆ. ಅದರ ಬೆನ್ನಿನಿಂದ ಈಗಷ್ಟೇ ಇಳಿಸಿದ ಹೊರೆ ನೋಡಿ: ಕಂಬಳಿ, ಪಾತ್ರೆ, ಬಲೆ, ಕಾಲು ಕಟ್ಟಿದ ಎರಡು ಕೋಳಿ, ಮೊನ್ನೆ ಹುಟ್ಟಿದ ಕುರಿಮರಿ. ಹೊರೆಯ ಮೇಲೆ ಕುಂತು ಬಂದ ಮಗು ಈಗ ಕುದುರೆಯ ಕಾಲ ಸಂದಿಯಲ್ಲೇ ಆಡುತ್ತಿದೆ. ಕುದುರೆ ಅಲುಗಾಡುವುದಿಲ್ಲ.

“ಕಾಕಾ, ತಟ್ಟು ಎಲ್ಲಿಂದ ತಂದೀರಿ?”

“ಮಾಳೇಗಾಂವ್ ಜಾತ್ರೀಗೆ ಹೋಗಿ ತಂದೀವ್ರಿ. ಸುಳಿ ನೋಡಿ ತರಬೇಕ್ರಿ, ಸುಮ್ಮ ತರಲಾಕ ಆಗಲ್ಲ.”

“ಏನು ಹಾಕ್ತೀರಿ ಇದಕ್ಕ?”

“ಏನೂ ಹಾಕಲ್ರಿ. ಬಿಟ್ರ ಮೇಯ್ತದ. ಕಡ್ಲಿ ಹೊಟ್ಟು ಸಿಕ್ರ ಅದೇ ಹಬ್ಬ ಅದಕ್ಕ.”

ಮಾಳೇಗಾಂವ್ ಎಂದರೆ ನಾಂದೇಡ್ ಜಿಲ್ಲೆಯ ಲೋಹಾ ತಾಲ್ಲೂಕಿನದು. ಮಾರ್ಗಶಿರದ ಕೊನೆಗೆ ಅಲ್ಲಿ ಖಂಡೋಬನ ಜಾತ್ರೆ, ಜೊತೆಗೆ ಕುದುರೆ ಸಂತೆ. ಖಂಡೋಬ ನಮ್ಮ ಮೈಲಾರನೇ. ಇತ್ತ ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ಅವನು ಮೈಲಾರ ಮಲ್ಲಣ್ಣ. ಭಂಡಾರ ಹಾರಿಸುವ ಭಕ್ತರಿಗೆ ಕುದುರೆ ಏರದ ಮಲ್ಲಣ್ಣ ಕಲ್ಪನೆಗೂ ನಿಲುಕದವನು. ಸೋಮೇಶ್ವರನ ಗ್ರಂಥ ಹೇಳಿದ ಸುಳಿಯ ವಿದ್ಯೆ ಓದುಬರಹ ಬಾರದ ಈ ಕುರಿಗಾರನ ಬೆರಳಿನಲ್ಲಿ ಇಂದಿಗೂ ಇದೆ. ಅವನು ಕುದುರೆಯ ಕೊರಳ ಮೇಲೆ ಕೈಯಾಡಿಸಿ ಒಂದು ಸುಳಿ ತೋರಿಸುತ್ತಾನೆ, ಇದು ಮನೆಗೆ ಒಳ್ಳೆಯದು ಎನ್ನುತ್ತಾನೆ. ಸುಳಿಯ ಫಲ ನಿಜವೋ ಅಲ್ಲವೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಪ್ರಾಣಿಯ ಮೈಯ ಪ್ರತಿ ಕೂದಲನ್ನೂ ಬಲ್ಲ ಕಣ್ಣು ಅದು. ಆ ಕಣ್ಣಿಗೆ ಬೆಲೆ ಕಟ್ಟಲಾಗದು.

ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆ ಈಚೆಗೆ ಭೀಮಥಡಿಯನ್ನು ದೇಶದ ಪ್ರತ್ಯೇಕ ಕುದುರೆ ತಳಿಯೆಂದು ನೋಂದಾಯಿಸಿತು. ಮಾರವಾಡಿ, ಕಾಠಿಯಾವಾಡಿ, ಮಣಿಪುರಿಗಳ ಸಾಲಿನಲ್ಲಿ ಇದಕ್ಕೂ ಜಾಗ ಸಿಕ್ಕಿದೆ. ಆದರೆ ದಾಖಲೆಯಲ್ಲಿ ಅದು ಮಹಾರಾಷ್ಟ್ರದ ತಳಿ. ಭೀಮೆ ಕಲಬುರಗಿ, ವಿಜಯಪುರ ಜಿಲ್ಲೆಗಳಲ್ಲೂ ಹರಿಯುತ್ತಾಳೆ. ಕುರಿಗಾರನ ತಟ್ಟು ರಾಜ್ಯದ ಗಡಿ ನೋಡಿ ಮೇಯುವುದಿಲ್ಲ. ಟಿಪ್ಪುವಿನ ಕಾಲದಿಂದ ಬಂದ ಕುಣಿಗಲ್ಲಿನ ಕುದುರೆ ಫಾರಂ ಉಳಿಯಬೇಕೆಂದು ನಾಡಿನಲ್ಲಿ ದನಿ ಎದ್ದಿದೆ, ಏಳಲೇಬೇಕು. ಅದೇ ದನಿ ರೇಸಿಗೆ ಓಡದ, ಯಾವ ಫಾರಮ್ಮೂ ಇಲ್ಲದ, ಬಡವರ ಮನೆಯನ್ನೇ ಹೊತ್ತು ನಡೆಯುವ ಈ ಗಿಡ್ಡ ಕುದುರೆಯ ಪರವಾಗಿಯೂ ಏಳಬೇಕು.

ಅದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಬೀದರ್, ಕಲಬುರಗಿ, ವಿಜಯಪುರ ಜಿಲ್ಲೆಗಳಲ್ಲಿ ಕುರಿಗಾರರ ಬಳಿ ಇರುವ ತಟ್ಟುಗಳನ್ನು ನಮ್ಮ ಪಶುಸಂಗೋಪನಾ ಇಲಾಖೆ ಬೇರೆಯಾಗಿಯೇ ಎಣಿಸಲಿ. ಊರ ಗಾಯರಾಣಗಳು, ಅಂದರೆ ಗೋಮಾಳಗಳು, ಒತ್ತುವರಿಗೆ, ಕಟ್ಟಡಕ್ಕೆ ಹೋಗದಂತೆ ಪಂಚಾಯಿತಿಗಳು ಕಾಯಲಿ. ಮೇಯಲು ನೆಲವಿಲ್ಲದೆ ತಳಿ ಉಳಿಯುವುದಿಲ್ಲ. ಬಸವಕಲ್ಯಾಣದ ಕೋಟೆಯ ಸಂಗ್ರಹಾಲಯದಲ್ಲಿ ಮಾನಸೋಲ್ಲಾಸದ ವಾಹ್ಯಾಳಿಗೂ ಆಳಂದದ ಸಂತೆಗೂ ಒಂದು ಗೋಡೆ ಮೀಸಲಾಗಲಿ. ನೀವು ಬರುವುದಾದರೆ ಮಾರ್ಗಶಿರದಲ್ಲಿ ಬನ್ನಿ. ನಾರಾಯಣಪುರ, ಜಲಸಂಗಿ ಒಂದೇ ದಿನದಲ್ಲಿ ನೋಡಬಹುದು. ದಾರಿಯಲ್ಲಿ ಹೊರೆ ಹೊತ್ತ ತಟ್ಟು ಎದುರಾದರೆ ಹಾರ್ನ್ ಹೊಡೆಯದೆ ಗಾಡಿ ಬದಿಗೆ ನಿಲ್ಲಿಸಿ, ಅದು ಹೋಗಲು ದಾರಿ ಬಿಡಿ.